ನೀರ್ ಎಲ್ಲಿತ್ತ್ ಮಗಾ?

ಚೆನ್ನೈಗೆ ಬಂದ ಹೊಸತರಲ್ಲಿ ಒಂದು ಸಂಜೆ ಕ್ಯಾಮೆರಾ ಹಿಡಿದು ಬೆಸೆಂಟ್ ನಗರದ ಬೀಚಿಗೆ ಹೋಗಿದ್ದೆ. ಸಮುದ್ರಕ್ಕೆ ಮುಖ ಮಾಡಿ ಟ್ರೈಪಾಡ್ ನಿಲ್ಲಿಸಿ, ಸೂರ್ಯ ಇಳಿಯಲಿ ಎಂದು ಕಾಯುತ್ತ ಕುಳಿತೆ. ಎದುರಿನ ಆಕಾಶ ಸುಮ್ಮನೆ ಬೂದಿ ಬಣ್ಣಕ್ಕೆ ತಿರುಗಿತು. ತಿರುಗಿ ನೋಡಿದರೆ ಅಪಾರ್ಟ್‌ಮೆಂಟುಗಳ ಹಿಂದೆ ಸೂರ್ಯ ಆಗಲೇ ಮುಳುಗಿಯಾಗಿತ್ತು. ಬಂಗಾಳ ಕೊಲ್ಲಿ ಪೂರ್ವಕ್ಕಿದೆ ಎಂದು ಪ್ರೈಮರಿ ಶಾಲೆಯಲ್ಲೇ ಕಲಿತಿದ್ದೆ. ಆದರೆ ಗಂಗೊಳ್ಳಿಯಲ್ಲಿ ಬೆಳೆದವನಿಗೆ ಸಮುದ್ರ ಎಂದರೆ ಸೂರ್ಯ ಮುಳುಗುವ ಕಡೆ. ಮಾಸ್ಟರ್ಸ್ ಮಾಡಿದರೂ ಅದು ತಲೆಯಿಂದ ಹೋಗಿರಲಿಲ್ಲ ನೋಡಿ!

ಇಲ್ಲಿ ನೀರಿನ ಮೇಲೆ ಸೂರ್ಯಾಸ್ತ ಬೇಕೆಂದರೆ ಸಮುದ್ರಕ್ಕೆ ಬೆನ್ನು ಹಾಕಬೇಕು. ನಾನು ಹುಡುಕಿಕೊಂಡ ಜಾಗ ಅಡಯಾರ್ ನದಿಯ ಮೇಲಿನ ತಿರು.ವಿ.ಕ. ಸೇತುವೆಯ ಫುಟ್‌ಪಾತ್. ಊರಲ್ಲಿ ಹೊಳೆ ಹೋಗುವ ಕಡೆ ಸೂರ್ಯ ಮುಳುಗಿದರೆ, ಇಲ್ಲಿ ಹೊಳೆ ಬರುವ ಕಡೆ ಮುಳುಗುತ್ತಾನೆ. ವಾಸನೆಯ ವಿಷಯ ಕೇಳಬೇಡಿ, ಪುಣ್ಯಕ್ಕೆ ಅದು ಫೋಟೋದಲ್ಲಿ ಬರುವುದಿಲ್ಲ.

ಫೋಟೋ ತೆಗೆಯುತ್ತಿದ್ದದ್ದು ಅಪ್ಪಯ್ಯನಿಗಾಗಿ. ಮೂವತ್ತು ವರ್ಷ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಲೆಕ್ಕ ಬರೆದವರು. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಆಪರೇಶನ್ ಆದ ಮೇಲೆ ಬಂದರಿಗೆ ಹೋಗುವುದು ನಿಂತಿದೆ. ಅಮ್ಮ ಈಗಿಲ್ಲ. ಚೆನ್ನೈಗೆ ಬನ್ನಿ ಎಂದರೆ ಮಾತು ಬದಲಿಸುತ್ತಾರೆ. ಮನೆಯ ಜಗಲಿಯಿಂದ ಸಮುದ್ರ ಕಾಣುವುದಿಲ್ಲ. ದಿನಾ ಸಂಜೆ ಇಪ್ಪತ್ತು ಹೆಜ್ಜೆ ನಡೆದು ಅಲ್ಲೇ ಕೂರುತ್ತಾರೆ.

ಮೊದಲು ಕಳಿಸಿದ್ದು ನನಗೆ ತುಂಬ ಹೆಮ್ಮೆಯ ಫೋಟೋ. ಲೆನ್ಸಿಗೆ ಎನ್‌ಡಿ ಫಿಲ್ಟರ್ ಹಾಕಿ, ಶಟರನ್ನು 8 ಸೆಕೆಂಡು ತೆರೆದಿಟ್ಟು ತೆಗೆದದ್ದು. ಸೇತುವೆಯ ಮೇಲೆ ಬಸ್ಸು ಹೋದಾಗೆಲ್ಲ ಟ್ರೈಪಾಡ್ ಅದುರುತ್ತದೆ. ಹನ್ನೊಂದು ಸಲ ಹಾಳಾಗಿ ಹನ್ನೆರಡನೆಯದು ಸಿಕ್ಕಿತ್ತು. ನೀರು ಕೇಸರಿ ರೇಷ್ಮೆ ಹಾಸಿದ ಹಾಗೆ ನುಣ್ಣಗೆ ಬಂದಿತ್ತು. ಆಫೀಸಿನ ಗ್ರೂಪಿನಲ್ಲಿ ಹೃದಯಗಳ ಸುರಿಮಳೆ. ಅಪ್ಪಯ್ಯ ಫೋನ್ ಮಾಡಿದರು: "ಸೂರ್ಯ ಚಂದ ಇತ್ತ್. ನೀರ್ ಎಲ್ಲಿತ್ತ್ ಮಗಾ?"

ಮುಂದಿನ ವಾರ ವಿರುದ್ಧ ದಿಕ್ಕಿಗೆ ಹೋಗಿ 1/1000 ಸೆಕೆಂಡಿನಲ್ಲಿ ತೆಗೆದೆ. ಪ್ರತಿ ಮಿನುಗೂ ಚುಕ್ಕಿಯಾಗಿ ಹೆಪ್ಪುಗಟ್ಟಿತ್ತು. ಗಾಜಿನ ಲೋಟ ಬಿದ್ದು ಒಡೆದ ಹಾಗಿದೆ ಎಂದರು.

ನಿಂತ ನೀರಿನಲ್ಲಾದರೆ ಇನ್ನೊಬ್ಬ ಸೂರ್ಯ ಗುಂಡಗೆ ಕಾಣುತ್ತಾನೆ. ನೀರು ಅಲುಗಿತೋ, ಒಂದೊಂದು ಪುಟ್ಟ ಅಲೆಯೂ ಬೇರೆ ಬೇರೆ ಕೋನಕ್ಕೆ ಓರೆಯಾದ ಕನ್ನಡಿಯಾಗುತ್ತದೆ. ಸರಿಯಾದ ಕೋನಕ್ಕೆ ವಾಲಿದ ಕನ್ನಡಿಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುತ್ತವೆ. ಅವೆಲ್ಲ ಸೇರಿ ನಮ್ಮ ಕಾಲ ಬುಡದ ತನಕ ಬರುವ ಹೊಂಬಣ್ಣದ ದಾರಿಯಾಗುತ್ತದೆ. ಪಕ್ಕದಲ್ಲಿ ನಿಂತವನಿಗೆ ಅವನದೇ ಬೇರೆ ದಾರಿ. ಅಲೆ ಹೆಚ್ಚಿದಷ್ಟೂ ಈ ದಾರಿ ಅಗಲವಾಗುತ್ತದೆ. ಅಂದರೆ ಗಾಳಿ, ಹರಿವು ಎಲ್ಲವೂ ಆ ಬೆಳಕಿನ ಆಕಾರದಲ್ಲೇ ಬರೆದಿರುತ್ತದೆ. 8 ಸೆಕೆಂಡಿನಲ್ಲಿ ನಾನು ಅಳಿಸಿದ್ದು ಅದನ್ನೇ. ಬಂದರಿನ ಮನುಷ್ಯನಿಗೆ ಗೊತ್ತಾಗದೆ ಇದ್ದೀತೇ?

ಕೊನೆಗೆ ನನಗೆ ಒಗ್ಗಿದ್ದು 1/30ರ ಆಸುಪಾಸು. ಮಿನುಗು ಚುಕ್ಕಿಯಾಗಿ ನಿಲ್ಲದೆ, ಕರಗಿಯೂ ಹೋಗದೆ, ಸಣ್ಣ ಗೀಟಾಗಿ ಎಳೆಯುತ್ತದೆ. ನೀರು ಎಷ್ಟು ವೇಗ, ನೀವು ಎಷ್ಟು ದೂರ ಎನ್ನುವುದರ ಮೇಲೆ ಇದು ಬದಲಾಗುತ್ತದೆ, ಹಾಗಾಗಿ ನಾಲ್ಕಾರು ವೇಗದಲ್ಲಿ ತೆಗೆದು ನೋಡಿ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಟ್ಟರೆ ಕ್ಯಾಮೆರಾ ಕೇಸರಿಯನ್ನೇ ದೋಷವೆಂದು ತಿಳಿದು ತಿದ್ದಲು ಹೊರಡುತ್ತದೆ, ಡೇಲೈಟಿಗೆ ಇಡಿ. ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ ಮಾಡಿ, ಇಲ್ಲವಾದರೆ ಮಿನುಗೆಲ್ಲ ಬಿಳಿ ಕಲೆ. ಪೋಲರೈಸರ್ ತೆಗೆದಿಡಿ, ನೀರಿನ ಹೊಳಪನ್ನು ತಗ್ಗಿಸುವುದೇ ಅದರ ಕೆಲಸ. ಸೂರ್ಯ ಇನ್ನೂ ಪ್ರಖರವಾಗಿದ್ದಾಗ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಲೇಬೇಡಿ. ಬಸ್ಸಿನ ವಿಷಯದಲ್ಲಿ ತಾಳ್ಮೆಯೊಂದೇ ದಾರಿ.

ಹೋದ ತಿಂಗಳು ಹಾಗೆ ತೆಗೆದದ್ದೊಂದನ್ನು ಸೇತುವೆಯ ಮೇಲಿಂದಲೇ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರವಿಲ್ಲ. ಐದು ನಿಮಿಷ ಬಿಟ್ಟು ಅವರೇ ಫೋನ್ ಮಾಡಿ, ಗಾಳಿ ನಿನ್ನ ಬೆನ್ನಿಗಿತ್ತಾ ಎಂದು ಕೇಳಿದರು.

ಇತ್ತು. ಇಲ್ಲಿ ಕಡಲ ಗಾಳಿ ಪೂರ್ವದಿಂದ. ಆ ಸಂಜೆ ಇಳಿತದ ನೀರು ನನ್ನ ಕಡೆಗೆ ಹರಿಯುತ್ತಿತ್ತು, ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿತ್ತು. ಹಾಗಾದಾಗ ಅಲೆ ಗಿಡ್ಡಗೆ, ಕಡಿದಾಗಿ ಏಳುತ್ತದೆ. ಅದನ್ನೇ ಹಿಡಿದಿದ್ದರು. ಊರಲ್ಲಿ ಈ ಹೊತ್ತಿಗೆ ಗಾಳಿ ಮುಖಕ್ಕೆ ಬರುತ್ತಿತ್ತಲ್ಲ ಎಂದರು. ಆಮೇಲೆ ಮೂವತ್ತು ವರ್ಷದ ಗಾಳಿಗಳ ಕಥೆ ಶುರುವಾಯಿತು. ಬಿದ್ದ ಮೇಲೆ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಗಂಗೊಳ್ಳಿ ಮತ್ತು ಚೆನ್ನೈ ನಡುವೆ ರೇಖಾಂಶದ ವ್ಯತ್ಯಾಸ ಸುಮಾರು ಐದೂವರೆ ಡಿಗ್ರಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ನನಗೆ ಸೂರ್ಯ ಮುಳುಗಿ ಹೆಚ್ಚುಕಡಿಮೆ 22 ನಿಮಿಷದ ಮೇಲೆ ಅವರಿಗೆ ಮುಳುಗುತ್ತಾನೆ. ಇಲ್ಲಿ ಬೀದಿದೀಪ ಹತ್ತಿತ್ತು. ಅಲ್ಲಿ ಬಿಸಿಲಿದೆಯಾ ಎಂದು ಕೇಳಿದೆ.

"ಗೋಡಿ ಮೇಲ್ ಇನ್ನೂ ಇತ್ತ್."

ಫೋನ್ ಇಡಲಿಲ್ಲ. ಬಸ್ಸುಗಳು ಹೋಗುತ್ತಿದ್ದವು, ಸೇತುವೆ ಅದುರುತ್ತಿತ್ತು. ಅವರು "ಹೋಯ್ತ್" ಎಂದ ಮೇಲೆ ಟ್ರೈಪಾಡ್ ಮಡಚಿದೆ.