ಜಾಹೀರಾತಿನ ಬೋರ್ಡೂ ನಂಜನಗೂಡಿನ ಬೋರ್ಡೂ

ಕಳೆದ ಸುತ್ತೂರು ಜಾತ್ರೆಯ ಹಿಂದಿನ ದಿನ ನಾನು, ಅಮ್ಮ, ಅಕ್ಕ ಮತ್ತು ಅಕ್ಕನ ಎಂಟು ವರ್ಷದ ಮಗ, ನಾಲ್ವರೂ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗಾಗಿ ಕಾದು ನಿಂತಿದ್ದೆವು. ಜಾತ್ರೆಯ ಕಾಲದಲ್ಲಿ ಬಸ್ಸಿಗೆ ಕಾಯುವುದೆಂದರೆ ಏನೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಎದುರಿನ ಅಂಗಡಿಯ ಮಾಳಿಗೆಯ ಉದ್ದಕ್ಕೂ ಸಾಫ್ಟ್‌ವೇರ್ ಕಲಿಸುವ ಸಂಸ್ಥೆಯೊಂದರ ಫ್ಲೆಕ್ಸ್ ಕಟ್ಟಿದ್ದರು. ಹೆಸರು ಬೇಡ. ನಡುವೆ ಮನುಷ್ಯನ ಮೆದುಳು. ಮೆದುಳಿನ ಹೊಟ್ಟೆಯಲ್ಲಿ ಒಂದು ಚೌಕಾಕಾರದ ಚಿಪ್ಪು. ಅದರಿಂದ ಎಂಟು ದಿಕ್ಕಿಗೂ ನೀಲಿಯಾಗಿ ಹೊಳೆಯುವ ಗೆರೆಗಳು ಹೊರಟು, ಒಂದೆರಡು ಸಲ ಓರೆಯಾಗಿ ತಿರುಗಿ, ಒಂದೊಂದು ಸೊನ್ನೆಯಲ್ಲಿ ಮುಗಿದುಹೋಗಿದ್ದವು.

ಅಮ್ಮ ಬಹಳ ಹೊತ್ತು ನೋಡಿ, "ಇದೇನ್ ರಂಗೋಲಿನಾ? ಎಳೆ ಒಂದೂ ಕೂಡೇ ಇಲ್ವಲ್ಲ" ಎಂದರು. ಅಕ್ಕ ನಕ್ಕು, "ರಂಗೋಲಿ ಅಲ್ಲ ಕಣಮ್ಮ, ಬೋರ್ಡಂತೆ. ನನ್ನ ಟೇಬಲ್ಲಿಗೆ ಇಂಥದ್ದು ಬಂದ್ರೆ ನೋಡೋದೂ ಬೇಡ, ಪಕ್ಕಕ್ಕೆ ಎತ್ತಿಡೋದೇ" ಎಂದಳು.

ಅಕ್ಕನ ಮಾತಿಗೆ ಬೆಲೆಯುಂಟು. ಅವಳು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ನಂಜನಗೂಡೆಂದರೆ ಶ್ರೀಕಂಠೇಶ್ವರ, ರಸಬಾಳೆ ಎಂದಷ್ಟೇ ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಊರಿನ ಇಂಡಾಲ್ ಎಲೆಕ್ಟ್ರಾನಿಕ್ಸ್ ಎಂಬ ಬೋರ್ಡು ಕಾರ್ಖಾನೆಯನ್ನು 1999ರಲ್ಲಿ ಆಸ್ಟ್ರಿಯ ದೇಶದ ಎ.ಟಿ. ಅಂಡ್ ಎಸ್. ಕಂಪೆನಿ ಕೊಂಡುಕೊಂಡಿತೆಂಬುದೂ, ಇಲ್ಲಿ ತಯಾರಾದ ಬೋರ್ಡುಗಳು ಸಮುದ್ರ ದಾಟುತ್ತವೆಂಬುದೂ ನನಗೇ ಅಕ್ಕ ಕೆಲಸಕ್ಕೆ ಸೇರುವವರೆಗೆ ಗೊತ್ತಿರಲಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ವಿಜ್ಞಾನವನ್ನು ಹತ್ತನೆಯ ತರಗತಿಯಲ್ಲೇ ಕೈಮುಗಿದು ಕಳುಹಿಸಿಕೊಟ್ಟವನು. ಆದರೂ ಆ ದಿನದಿಂದ ಈಚೆಗೆ ಇಂಥ ಚಿತ್ರ ಎಲ್ಲಿ ಕಂಡರೂ ನಿಂತು ನೋಡುವ ಚಟ ನನಗಂಟಿಕೊಂಡಿದೆ. ಕಾಣುವುದೂ ಸುಲಭ. ದಿನಪತ್ರಿಕೆಯಲ್ಲಿ, ವಿಚಾರಸಂಕಿರಣದ ಆಮಂತ್ರಣದಲ್ಲಿ, ಕೃತಕ ಬುದ್ಧಿಮತ್ತೆಯ ಮೇಲಿನ ಯಾವ ಪುಸ್ತಕದ ಹೊದಿಕೆಯಲ್ಲಾದರೂ ಅದೇ ಮೆದುಳು, ಅದೇ ನೀಲಿ ಗೆರೆ.

ಗೆರೆ ಎಲ್ಲಿಗೂ ಸೇರದಿದ್ದರೆ ಏನು ತಪ್ಪು? ಸರ್ಕ್ಯೂಟ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ವಿದ್ಯುನ್ಮಂಡಲ ಎಂದು ಹೆಸರಿಟ್ಟಿವೆ. ಬಹಳ ಒಳ್ಳೆಯ ಹೆಸರು. ವಿದ್ಯುತ್ತು ಹೊರಟಲ್ಲಿಗೆ ಹಿಂದಿರುಗಬೇಕು. ಹಿಂದಿರುಗುವ ದಾರಿಯಿಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಚುಕ್ಕಿಗಳನ್ನು ಸುತ್ತಿ ಎಳೆದ ಎಳೆ ಆರಂಭಿಸಿದ ಚುಕ್ಕಿಯ ಬಳಿಗೇ ಬಂದು ಕೂಡಬೇಕೆಂಬುದು ಅಮ್ಮನ ರಂಗೋಲಿಯ ನಿಯಮ. ಅಮ್ಮ ಶಾಲೆಗೆ ಹೋದವರಲ್ಲ. ಆದರೆ ಆ ಫ್ಲೆಕ್ಸಿನ ಮುಖ್ಯ ದೋಷವನ್ನು ಎಲ್ಲರಿಗಿಂತ ಮೊದಲು ಹಿಡಿದವರು ಅವರೇ.

ಉಳಿದ ದೋಷಗಳನ್ನು ಅಕ್ಕ ಬಸ್ಸಿನಲ್ಲಿ ನಿಂತುಕೊಂಡೇ ಹೇಳುತ್ತ ಬಂದಳು. ನಿಜವಾದ ಬೋರ್ಡೆಂದರೆ ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಎಂಬ ಅಂಟನ್ನು ಕುಡಿಸಿ, ಒತ್ತಿ ಗಟ್ಟಿಮಾಡಿದ ಹಲಗೆ, ಸಾಮಾನ್ಯವಾಗಿ 1.6 ಮಿಲಿಮೀಟರು ದಪ್ಪ. ಮೇಲೆ ಅಂಟಿಸಿದ ತಾಮ್ರದ ತಗಡು ಸಾಧಾರಣವಾಗಿ 35 ಮೈಕ್ರಾನು, ಅಂದರೆ ನಮ್ಮ ತಲೆಗೂದಲಿನ ಅರ್ಧದಷ್ಟು. ಬೇಕಾದ ಗೆರೆಗಳನ್ನು ಉಳಿಸಿಕೊಂಡು ಮಿಕ್ಕ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿಬಿಡುತ್ತಾರೆ. ಒಂದೇ ಪದರದಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟುವಂತಿಲ್ಲ. ದಾಟಲೇಬೇಕಾದರೆ ಒಂದು ಸಣ್ಣ ರಂಧ್ರದ ಮೂಲಕ ಇನ್ನೊಂದು ಪದರಕ್ಕೆ ಇಳಿದು ಹೋಗಬೇಕು. ಆ ರಂಧ್ರದ ಒಳಗೋಡೆಗೂ ತಾಮ್ರದ ಲೇಪವಿರಬೇಕು. ಎರಡು ಗೆರೆ ತಾಗಿದರೆ ಶಾರ್ಟು, ಒಂದು ಗೆರೆ ಕಡಿದರೆ ಓಪನ್ನು. ಎರಡೂ ಒಂದೇ ಪಾಪ. ಇನ್ನು ಚಿಪ್ಪಿನ ಮಗ್ಗುಲಲ್ಲೇ ರಾಗಿಕಾಳಿನಂಥ ಕೆಪಾಸಿಟರುಗಳು ಕೂತಿರಬೇಕು. ಚಿಪ್ಪಿಗೆ ಥಟ್ಟನೆ ವಿದ್ಯುತ್ತು ಬೇಕಾದಾಗ ದೂರದಿಂದ ಬರುವವರೆಗೆ ಕಾಯಲಾಗದು. ಬಚ್ಚಲಲ್ಲಿ ಹಂಡೆ ತುಂಬಿಟ್ಟುಕೊಳ್ಳುವಂತೆ ಇವನ್ನು ಹತ್ತಿರದಲ್ಲಿಟ್ಟಿರುತ್ತಾರೆ. ಫ್ಲೆಕ್ಸಿನ ಚಿಪ್ಪಿನ ಬಳಿ ಹಂಡೆಯೂ ಇಲ್ಲ, ಬಚ್ಚಲೂ ಇಲ್ಲ. ಹೊಳಪಿನ ಮಾತಂತೂ ಕೇಳಲೇಬೇಡಿ. ಹಸಿರು ಲೇಪದಡಿಯ ತಾಮ್ರ ಎಂದೂ ನೀಲಿಯಾಗಿ ಹೊಳೆಯದು. ಹೊಳೆಯತೊಡಗಿದರೆ ಓಡಿಹೋಗುವುದು ಕ್ಷೇಮ.

ಇಂಥದೇ ಇನ್ನೊಂದು ಚಿತ್ರವೂ ಬಹಳ ಜಾಹೀರಾತುಗಳಲ್ಲಿ ಓಡಾಡಿದೆ. ಬಿಳಿಯ ಕೋಟು ತೊಟ್ಟ ತರುಣಿಯೊಬ್ಬಳು ಸೋಲ್ಡರಿಂಗ್ ಐರನ್ನನ್ನು ಹಿಡಿಯಲ್ಲಿ ಹಿಡಿಯದೆ ಕಾಯುವ ಲೋಹದ ಭಾಗದಲ್ಲೇ ಹಿಡಿದು ಮುಗುಳ್ನಗುತ್ತಿದ್ದಾಳೆ. ತುದಿಯ ಬಿಸಿ 300 ಡಿಗ್ರಿ ಮೀರಿರುತ್ತದೆ! ಆ ನಗು ಎಷ್ಟು ಹೊತ್ತಿದ್ದೀತು?

ಈ ಮಾತನ್ನು ಕಾಲೇಜಿನಲ್ಲಿ ಎತ್ತಿದಾಗ ನಮ್ಮ ಕನ್ನಡ ಅಧ್ಯಾಪಕರು ಒಂದು ಆಕ್ಷೇಪ ಹೇಳಿದರು. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರ ಬೆಳದಿಂಗಳನ್ನು ಕುಡಿಯುತ್ತದೆ ಎಂದು ನಮ್ಮ ಕವಿಗಳು ಹೇಳಿಲ್ಲವೇ? ಅದನ್ನು ಕವಿಸಮಯವೆಂದು ಒಪ್ಪುವ ನೀವು ಪಾಪ ಫ್ಲೆಕ್ಸಿನ ಚಿತ್ರಗಾರನಿಗೆ ಚಿತ್ರಸಮಯವನ್ನು ಏಕೆ ಕೊಡಬಾರದು? ಆಕ್ಷೇಪ ಬಲವಾದದ್ದೇ. ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ತೋರಿದ್ದು ಇಷ್ಟು: ಕವಿಸಮಯವೆಂಬುದು ಹೇಳುವವನೂ ಕೇಳುವವನೂ ಕೂಡಿ ಮಾಡಿಕೊಂಡ ಒಪ್ಪಂದ. ಹಂಸದ ಮಾತನ್ನು ನಂಬಿ ಯಾರೂ ಹಂಸವನ್ನು ಕೊಂಡು ತಂದು ಹಾಲಿನ ಡೈರಿಯಲ್ಲಿ ಕೂರಿಸಿದ್ದಿಲ್ಲ. ಫ್ಲೆಕ್ಸಿನಲ್ಲಿ ಅಂಥ ಒಪ್ಪಂದವಿಲ್ಲ. ಅಲ್ಲಿ ಚಿತ್ರ ಅಲಂಕಾರವಲ್ಲ, ಸಾಕ್ಷಿ. "ನಮಗೆ ಈ ವಿದ್ಯೆ ತಿಳಿದಿದೆ, ಬನ್ನಿ, ಫೀಸು ಕಟ್ಟಿ" ಎಂದು ಅದು ಹೇಳುತ್ತದೆ. ಸಾಕ್ಷಿ ಹೇಳಬಂದವನಿಗೆ ಸಂಗತಿಯೇ ಗೊತ್ತಿಲ್ಲದಿದ್ದರೆ ಯಾವ ನ್ಯಾಯಾಲಯ ಒಪ್ಪೀತು? ಎತ್ತಿನ ಕೊರಳಿಗೆ ನೊಗ ಕಟ್ಟುವುದನ್ನು ತಪ್ಪಾಗಿ ಬರೆದ ಗೊಬ್ಬರದ ಜಾಹೀರಾತನ್ನು ನಮ್ಮೂರ ರೈತ ನೋಡಿದರೆ ಚಿತ್ರಗಾರನನ್ನಷ್ಟೇ ಅಲ್ಲ, ಗೊಬ್ಬರವನ್ನೂ ಸಂಶಯಿಸುತ್ತಾನೆ. ಬೋರ್ಡಿನ ವಿಷಯದಲ್ಲಿ ನಮಗೆ ಆ ಸಂಶಯ ಹುಟ್ಟುವುದಿಲ್ಲ. ಏಕೆಂದರೆ ನಾವು ಯಾರೂ ಬೋರ್ಡನ್ನು ಕಣ್ಣಿಟ್ಟು ನೋಡಿದವರಲ್ಲ.

ಫ್ಲೆಕ್ಸ್ ಬರೆಯುವವನ ಮೇಲೆ ನನಗೆ ಸಿಟ್ಟಿಲ್ಲ. ಸಂಜೆ ಹೇಳಿ ಬೆಳಿಗ್ಗೆಗೆ ಬೇಕೆನ್ನುವ ಗಿರಾಕಿಗೆ ಅವನು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಅಂಟಿಸಿ ಕೊಡುತ್ತಾನೆ. ಈಗಂತೂ ಚಿತ್ರವನ್ನು ಯಂತ್ರವೇ ಬರೆದುಕೊಡುತ್ತದೆ. ಆ ಯಂತ್ರವೂ ಹಿಂದಿನ ಇಂಥ ಚಿತ್ರಗಳನ್ನೇ ನೋಡಿ ಕಲಿತದ್ದು. ಆದ್ದರಿಂದ ತಪ್ಪು ವಂಶಪಾರಂಪರ್ಯವಾಗಿ ನಡೆದುಬರುತ್ತಿದೆ.

ನನ್ನ ತಕರಾರು ಬೇರೆಯದು. ಜಾತ್ರೆ ಕಳೆದ ಮೇಲೆ ಅಕ್ಕನ ಮಗನಿಗೆ ಶಾಲೆಯಲ್ಲಿ "ನನ್ನ ತಾಯಿಯ ಕೆಲಸ" ಎಂಬ ಚಿತ್ರ ಬರೆದು ತರಲು ಹೇಳಿದ್ದರು. ಹುಡುಗ ಒಂದು ಮೆದುಳು, ಅದರ ಸುತ್ತ ನೀಲಿ ಗೆರೆ, ಪಕ್ಕದಲ್ಲೊಂದು ರೋಬೋಟು ಬರೆದು ತಾಯಿಗೆ ತೋರಿಸಿದ. ಅಕ್ಕ ನೋಡಿ, "ಚೆನ್ನಾಗದೆ ಕಣೋ. ಇದ್ರಲ್ಲಿ ನಾನೆಲ್ಲಿ?" ಎಂದಳು. "ನೀನು ಮಾಡೋದು ಇದ್ನೇ ಅಲ್ವಾ?" ಎಂದ. ಅಕ್ಕ ಏನೂ ಹೇಳದೆ ಒಲೆಯ ಕಡೆ ತಿರುಗಿದಳು. ದಿನವೆಲ್ಲ ದೀಪದಡಿ ಕೂತು, ಭೂತಗನ್ನಡಿಯಲ್ಲಿ ಗೆರೆಗೆರೆಯನ್ನೂ ನೋಡಿ, ಕಣ್ಣು ಕೆಂಪಾಗಿಸಿಕೊಂಡು ಸಂಜೆಯ ಬಸ್ಸಿಗೆ ಬರುವವಳು ಅವಳು. ಅವಳ ಮಗನಿಗೇ ಅವಳ ಕೆಲಸ ಫ್ಲೆಕ್ಸಿನಿಂದ ತಿಳಿಯಬೇಕಾಯಿತು, ತಿಳಿದದ್ದೂ ತಪ್ಪಾಗಿ. ಬೋರ್ಡೆಂಬುದು ಆಕಾಶದಿಂದ ಹೊಳೆಯುತ್ತ ಇಳಿದ ವಸ್ತುವಾದರೆ ಅದನ್ನು ಮಾಡುವ ಕೈಗಳಿಗೆ ಚಿತ್ರದಲ್ಲಿ ಜಾಗವೆಲ್ಲಿ?

ಆ ಭಾನುವಾರ ನಾನು ಅಜ್ಜನ ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಅಟ್ಟದಿಂದ ಇಳಿಸಿ ಬಿಚ್ಚಿದೆ. ಒಳಗೆ ಕಂದುಬಣ್ಣದ ಸಣ್ಣ ಬೋರ್ಡು. ಮುದ್ರಿತ ಬೋರ್ಡಿನ ಮೂಲಪುರುಷರಲ್ಲಿ ಒಬ್ಬನಾದ ಪಾಲ್ ಐಸ್ಲರ್ ವಿಯೆನ್ನಾದಲ್ಲಿ ಹುಟ್ಟಿ 1936ರಲ್ಲಿ ಇಂಗ್ಲೆಂಡಿಗೆ ಹೋದವನು. ಮುದ್ರಣದ ಕಸಬು ಬಲ್ಲವನಾಗಿದ್ದ ಆತ ಅದೇ ವಿದ್ಯೆಯಿಂದ ರೇಡಿಯೋದ ತಂತಿಗಳನ್ನು ಹಲಗೆಯ ಮೇಲೆ ಮೂಡಿಸಿದ. ಆ ಲೆಕ್ಕದಲ್ಲಿ ಬೋರ್ಡು ನಮ್ಮ ಈ ವಾರ್ಷಿಕ ಸಂಚಿಕೆಗೆ ದಾಯಾದಿಯೇ ಆಗಬೇಕು. ಹುಡುಗ ಬ್ಯಾಟರಿಯ ಒಂದು ಕೊನೆಯಿಂದ ಬೆರಳಿಟ್ಟು ಗೆರೆ ಹಿಡಿದು ಹೊರಟ. ಎರಡು ಕಡೆ ದಾರಿ ತಪ್ಪಿ, ಅಕ್ಕ ತೋರಿಸಿದ ಮೇಲೆ ಬ್ಯಾಟರಿಯ ಇನ್ನೊಂದು ಕೊನೆಗೆ ಬಂದು ಸೇರಿದ. "ಮಾವ, ಕೂಡ್ತು!" ಎಂದು ಕೂಗಿದ. ಅಮ್ಮನೂ ಎದ್ದು ಬಂದು ನೋಡಿದರು.

ಮುಂದಿನ ವರ್ಷದ ಸಂಚಿಕೆಯ ಮುಖಪುಟಕ್ಕೆ "ಜ್ಞಾನಯುಗ" ಎಂಬ ಹೆಸರಿನಲ್ಲಿ ಅದೇ ನೀಲಿ ಮೆದುಳನ್ನು ಹಾಕುವ ಮಾತು ನಡೆದಿದೆಯೆಂದು ಕೇಳಿದ್ದೇನೆ. ಸಂಪಾದಕ ಸಮಿತಿಯವರಲ್ಲಿ ನನ್ನ ವಿಜ್ಞಾಪನೆ, ಅದರ ಬದಲು ಆ ರೇಡಿಯೋದ ಬೋರ್ಡಿನ ಫೋಟೋ ಹಾಕಬಹುದೇ ಎಂಬುದು. ಒಂದು ಮೂಲೆ ಒಡೆದಿದೆ, ಧೂಳೂ ಕೂತಿದೆ. ಬೇಕೆಂದರೆ ಬೋರ್ಡನ್ನೇ ತಂದುಕೊಡುತ್ತೇನೆ. ಅಜ್ಜನದಾದ್ದರಿಂದ ಕೆಲಸವಾದ ಮೇಲೆ ಹಿಂದಿರುಗಿಸಬೇಕು.