ರೊಟ್ಟಿ ಚೂರಿನ ದಾರಿ

ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆ ನಿಮಗೆ ಗೊತ್ತಿರಬೇಕು, ಮಕ್ಕಳೇ. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆಗಳಲ್ಲಿ ಅದೂ ಒಂದು. ಅಣ್ಣ ತಂಗಿ ಇಬ್ಬರನ್ನೂ ಕಾಡಿನಲ್ಲಿ ಬಿಟ್ಟು ಬರುತ್ತಾರೆ. ಮೊದಲ ಸಲ ಅಣ್ಣ ದಾರಿಯುದ್ದಕ್ಕೂ ಬಿಳಿ ಕಲ್ಲು ಹಾಕಿಕೊಂಡು ಹೋಗಿರುತ್ತಾನೆ. ಬೆಳದಿಂಗಳಲ್ಲಿ ಅವು ಹೊಳೆದು, ಮನೆ ಸಿಗುತ್ತದೆ. ಎರಡನೇ ಸಲ ಕಲ್ಲು ಸಿಗದೆ ರೊಟ್ಟಿ ಚೂರು ಉದುರಿಸುತ್ತಾನೆ. ಹಕ್ಕಿಗಳು ಅಷ್ಟನ್ನೂ ತಿಂದುಬಿಡುತ್ತವೆ!

ಈಗ ಕಂಪ್ಯೂಟರಿನಲ್ಲಿ ಯಾವುದಾದರೂ ದೊಡ್ಡ ವೆಬ್‌ಸೈಟ್ ತೆರೆದು ನೋಡಿ. ಎಷ್ಟೋ ಕಡೆ ಪುಟದ ಮೇಲ್ತುದಿಯಲ್ಲಿ ‘ಮುಖಪುಟ, ಠೇವಣಿ, ಹಿರಿಯ ನಾಗರಿಕರು’ ಎಂಬಂಥ ಸಣ್ಣ ಅಕ್ಷರದ ಸಾಲು ಇರುತ್ತದೆ. ಯಾವ ಕೋಣೆಯ ಒಳಗಿನ ಯಾವ ಕೋಣೆಯಲ್ಲಿ ನೀವಿದ್ದೀರಿ ಎಂದು ಅದು ಹೇಳುತ್ತದೆ. ವೆಬ್‌ಸೈಟ್ ಕಟ್ಟುವವರು ಅದಕ್ಕಿಟ್ಟ ಹೆಸರು ಬ್ರೆಡ್‌ಕ್ರಂಬ್, ಅಂದರೆ ರೊಟ್ಟಿ ಚೂರು. ಆ ಕಥೆಯಿಂದಲೇ ಎತ್ತಿಕೊಂಡದ್ದು. ಹಕ್ಕಿ ತಿಂದು ಹೋದ ಚೂರಿನ ಬದಲು ಬಿಳಿ ಕಲ್ಲಿನ ಹೆಸರಿಡಬಹುದಿತ್ತು ಎಂಬುದು ನನ್ನ ತಕರಾರು.

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದು ಮೊದಲ ವೆಬ್‌ಸೈಟನ್ನು ಲೋಕಕ್ಕೆ ತೆರೆದದ್ದು 1991ರಲ್ಲಿ. ಅದರಲ್ಲಿ ಬಣ್ಣದ ಚಿತ್ರವಿಲ್ಲ, ಬರೀ ಅಕ್ಷರ. ಆದರೆ ಕೆಲವು ಪದಗಳನ್ನು ಆರಿಸಿದರೆ ಬೇರೆ ಪುಟ ತೆರೆದುಕೊಳ್ಳುತ್ತಿತ್ತು. ಇದನ್ನೇ ಲಿಂಕ್ ಎನ್ನುವುದು.

ಅಜ್ಜಿಯರಿಗೆ ಇದು ಹೊಸದೇನಲ್ಲ. ಪಂಚತಂತ್ರದಲ್ಲಿ ಕರಟಕ, ದಮನಕ ಎಂಬ ಎರಡು ನರಿಗಳು ಮಾತಾಡುತ್ತಿರುತ್ತವೆ. ತನ್ನದಲ್ಲದ ಕೆಲಸಕ್ಕೆ ಕೈಹಾಕಿದರೆ ಬೆಣೆ ಕಿತ್ತ ಕೋತಿಯ ಗತಿಯಾದೀತು ಎನ್ನುತ್ತದೆ ಕರಟಕ. ಅದು ಹೇಗೆ ಎಂದು ದಮನಕ ಕೇಳುತ್ತದೆ. ಅಲ್ಲಿಗೆ ಕೋತಿಯ ಕಥೆ ತೆರೆದುಕೊಂಡಿತು! ಬೆಣೆ ಕಿತ್ತ ಕೋತಿ ಎಂಬ ಮಾತೇ ಲಿಂಕ್, ದಮನಕನ ಪ್ರಶ್ನೆಯೇ ನಾವು ಬೆರಳಿನಿಂದ ಒತ್ತುವುದು. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರ ಬರೆದದ್ದು 11ನೇ ಶತಮಾನದಲ್ಲಿ. ಕಥೆಯೊಳಗೆ ಕಥೆ ಎಷ್ಟೇ ಆಳಕ್ಕಿಳಿದರೂ ಕೊನೆಗೆ ನಮ್ಮನ್ನು ಕೈಹಿಡಿದು ಹೊರಗಿನ ಕಥೆಗೆ ತಂದು ಬಿಡುತ್ತಾರೆ. ಒಳ್ಳೆಯ ವೆಬ್‌ಸೈಟೂ ಹಾಗೇ ಮಾಡಬೇಕು.

ಆದರೆ ಒಂದು ಕಡೆ ಇಬ್ಬರ ದಾರಿ ಬೇರೆ. ಪತ್ತೇದಾರಿ ಕಥೆಗಾರ ಕಳ್ಳನನ್ನು ಕೊನೆಯ ಪುಟದವರೆಗೂ ಬಚ್ಚಿಡಬಹುದು. ಬಚ್ಚಿಡದಿದ್ದರೆ ನಾವೇ ಬೈಯುತ್ತೇವೆ. ವೆಬ್‌ಸೈಟ್ ಬಚ್ಚಿಟ್ಟರೆ?

ನವೆಂಬರ್ ಬಂತೆಂದರೆ ನಾವು ಪಿಂಚಣಿದಾರರು ಬದುಕಿದ್ದೇವೆ ಎಂದು ಜೀವನ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ನನ್ನ ಗೆಳೆಯರೊಬ್ಬರಿಗೆ ಎಪ್ಪತ್ತೆಂಟು. ಹೋದ ವರ್ಷ ಒಂದು ವೆಬ್‌ಸೈಟಿನಲ್ಲಿ ಅದರ ಅರ್ಜಿ ಹುಡುಕುತ್ತಾ ಬೆಳಗ್ಗೆ ಕೂತವರು ಊಟದ ಹೊತ್ತಿಗೂ ಎದ್ದಿರಲಿಲ್ಲ. ‘ಸೇವೆಗಳು’ ಒತ್ತಿ, ಅದರೊಳಗೆ ‘ಇತರೆ’ ಒತ್ತಿ, ಮತ್ತೆ ಅದರೊಳಗೆ ಹೋಗಬೇಕಿತ್ತಂತೆ. ‘ಇತರೆ’ ಎಂದರೆ ಪಿಂಚಣಿ ಎಂದು ಯಾರಿಗೆ ಹೊಳೆಯುತ್ತದೆ? ಕೊನೆಗೆ ಆಟೋ ಹಿಡಿದು, ಕೋಲೂರಿಕೊಂಡು ಕಚೇರಿಗೇ ಹೋದರು. ನಾನು ಬ್ಯಾಂಕಿನಲ್ಲಿದ್ದಾಗ ಬಾಗಿಲಲ್ಲೇ ‘ವಿಚಾರಣೆ’ ಎಂದು ಬರೆದ ಮೇಜಿತ್ತು. ಅಲ್ಲಿ ಒಬ್ಬ ಮನುಷ್ಯನೂ ಇರುತ್ತಿದ್ದ.

ನನ್ನ ಮೊಮ್ಮಗಳು ಎಂಟನೇ ತರಗತಿ. ಶಾಲೆಯ ಪ್ರದರ್ಶನಕ್ಕೆ ನಮ್ಮೂರಿನ ಕೆರೆಗಳ ಬಗ್ಗೆ ಪುಟ್ಟ ವೆಬ್‌ಸೈಟ್ ಮಾಡಿದ್ದಳು. “ತಾತ, ಹೇಗಿದೆ?” ಎಂದಳು. ಹೇಗಿದೆ ಎಂದು ಕೇಳಬೇಡ ಪುಟ್ಟಿ, ಒಂದು ಕೆಲಸ ಹೇಳು, ನಾನು ಮಾಡುತ್ತೇನೆ, ನೀನು ತುಟಿ ಬಿಚ್ಚದೆ ನನ್ನ ಬೆರಳು ನೋಡುತ್ತಿರು ಎಂದೆ. ಹಳೆಯ ಕೆರೆ ಯಾವುದೆಂದು ಹುಡುಕಲು ಹೇಳಿದಳು. ಬೆರಳು ಪುಟವನ್ನೆಲ್ಲ ಸುತ್ತಿ, ‘ಎಕ್ಸ್‌ಪ್ಲೋರ್’ ಎಂಬ ಗುಂಡಿಯನ್ನು ಎರಡು ಸಲ ದಾಟಿಹೋಯಿತು. ಪಾಪ, ಹೇಳಿಕೊಡಲಾಗದೆ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಸಂಜೆ ನೋಡಿದಾಗ ಆ ಗುಂಡಿಯ ಮೇಲೆ ‘ಕೆರೆಗಳ ಪಟ್ಟಿ’ ಎಂದಿತ್ತು. ಅಕ್ಷರವೂ ಸ್ವಲ್ಪ ದೊಡ್ಡದಾಗಿತ್ತು.