ಎತ್ತರ ಒಂದು ದಿನದ ಲೆಕ್ಕವಲ್ಲ

ಬೆಳೆಯ ಸಿರಿಯನ್ನು ಮೊಳಕೆಯಲ್ಲೇ ಕಾಣಬೇಕೆಂಬ ಗಾದೆಯನ್ನು ಮಕ್ಕಳ ವಿಷಯದಲ್ಲಿ ನಾವು ಧಾರಾಳವಾಗಿ ಬಳಸುತ್ತೇವೆ. ಆದರೆ ಯಾವ ರೈತನೂ ಮೊಳಕೆಯನ್ನು ಒಮ್ಮೆ ನೋಡಿ ಮನೆಗೆ ಹೋಗಿ ಕೂರುವುದಿಲ್ಲ. ಮತ್ತೆ ಮತ್ತೆ ಹೊಲಕ್ಕೆ ಬಂದು ನೋಡುತ್ತಾನೆ. ಮಕ್ಕಳ ಎತ್ತರದ ವಿಷಯದಲ್ಲಿ ನಾವು ಮರೆಯುತ್ತಿರುವುದು ಈ ಎರಡನೆಯ ಭಾಗವನ್ನು.

ಕೋಲ್ಕತ್ತದಲ್ಲಿ ಕನ್ನಡ ಕುಟುಂಬಗಳು ಹಬ್ಬಕ್ಕೆಂದು ಸೇರಿದಾಗ ಮಕ್ಕಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸುವುದು ವಾಡಿಕೆ. ‘ನಿಮ್ಮವನು ಹೋದ ವರ್ಷವೂ ಇಷ್ಟೇ ಇದ್ದನಲ್ಲ’ ಎಂಬ ಒಂದು ಮಾತು ಸಾಕು, ಮರುವಾರ ತಂದೆತಾಯಿ ಯಾವುದೋ ಪ್ರಯೋಗಾಲಯದಲ್ಲಿ ಮಗುವಿನ ಕೈ ಚಾಚಿಸಿರುತ್ತಾರೆ. ಸಂಜೆಗೆ ಮೊಬೈಲಿಗೆ ವರದಿ ಬರುತ್ತದೆ: ಬೆಳವಣಿಗೆಯ ಹಾರ್ಮೋನು, ಸೊನ್ನೆಯ ಆಸುಪಾಸಿನ ಒಂದು ಅಂಕಿ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನನ್ನ ಅಭಿಪ್ರಾಯವಿಷ್ಟೆ: ಆ ಅಂಕಿ ಸುಳ್ಳಲ್ಲ, ಆದರೆ ಒಂಟಿಯಾಗಿ ಅದಕ್ಕೆ ಅರ್ಥವೂ ಇಲ್ಲ. ವಾಕ್ಯದಿಂದ ಕಿತ್ತು ತಂದ ಪದಕ್ಕೆ ಅರ್ಥ ಹಚ್ಚುವ ಓದನ್ನು ಸಾಹಿತ್ಯದಲ್ಲಿ ನಾವು ಒಪ್ಪುವುದಿಲ್ಲ. ರಕ್ತದ ವರದಿಯಲ್ಲೇಕೆ ಒಪ್ಪಬೇಕು?

ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಸದಾ ಸಮವಾಗಿ ಸುರಿಸುವುದಿಲ್ಲ. ಅಲೆಅಲೆಯಾಗಿ, ಅದರಲ್ಲೂ ಗಾಢ ನಿದ್ರೆಯಲ್ಲಿ, ಬಿಡುಗಡೆ ಮಾಡುತ್ತದೆ. ರಕ್ತಕ್ಕೆ ಬಂದದ್ದರಲ್ಲಿ ಅರ್ಧ ಭಾಗ ಸುಮಾರು 20 ನಿಮಿಷಗಳಲ್ಲಿ ಮಾಯವಾಗುತ್ತದೆ. ಹೀಗಾಗಿ ಬೆಳಗಿನ ಹತ್ತು ಗಂಟೆಗೆ ತೆಗೆದ ರಕ್ತದಲ್ಲಿ ಸಂಪೂರ್ಣ ಆರೋಗ್ಯವಂತ ಮಗುವಿನ ಅಂಕಿಯೂ ಸೊನ್ನೆಯ ಹತ್ತಿರ ಇರಬಹುದು. ನವಜಾತ ಶಿಶುಗಳ ಕೆಲವು ಸಂದರ್ಭಗಳನ್ನು ಬಿಟ್ಟರೆ, ಹಾರ್ಮೋನಿನ ಕೊರತೆಯನ್ನು ಇಂಥ ಒಂದೇ ಮಾದರಿಯಿಂದ ನಿರ್ಣಯಿಸಲಾಗದು.

ವೈದ್ಯರು ಸಾಮಾನ್ಯವಾಗಿ ಮೊದಲು ಕೇಳುವುದು ಐಜಿಎಫ್-1 ಎಂಬ ಪರೀಕ್ಷೆಯನ್ನು. ಬೆಳವಣಿಗೆಯ ಹಾರ್ಮೋನಿನ ಪ್ರೇರಣೆಯಿಂದ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ ಈ ವಸ್ತು ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದರೆ ಇದನ್ನೂ ವಯಸ್ಸು, ಲಿಂಗ, ಪ್ರಾಯಕ್ಕೆ ಬರುವ ಹಂತ ಇವುಗಳೊಡನೆ ಹೊಂದಿಸಿಯೇ ಓದಬೇಕು. ಅಪೌಷ್ಟಿಕತೆ, ಥೈರಾಯ್ಡ್ ಕೊರತೆ, ಯಕೃತ್ತಿನ ಕಾಯಿಲೆ ಇದ್ದರೂ ಐಜಿಎಫ್-1 ತಗ್ಗುತ್ತದೆ. ಎಳೆಯ ಮಕ್ಕಳಲ್ಲಿ ಅದು ಸಹಜವಾಗಿಯೇ ಕಡಿಮೆ. ಕಡಿಮೆ ಅಂಕಿ ಪಿಟ್ಯುಟರಿಯ ದೂರಾಗಿರಬಹುದು, ಊಟದ ತಟ್ಟೆಯ ದೂರೂ ಆಗಿರಬಹುದು.

ಅನುಮಾನ ಉಳಿದರೆ ಉದ್ದೀಪನ ಪರೀಕ್ಷೆ. ಬರಿಹೊಟ್ಟೆಯಲ್ಲಿ ಬಂದ ಮಗುವಿಗೆ ಕ್ಲೋನಿಡಿನ್ ಮಾತ್ರೆಯನ್ನೋ ಗ್ಲುಕಗಾನ್ ಚುಚ್ಚುಮದ್ದನ್ನೋ ಕೊಟ್ಟು ಗ್ರಂಥಿಯನ್ನು ಕೆಣಕುತ್ತಾರೆ. ಸುಮಾರು ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು, ಹಾರ್ಮೋನು ಏರಿದ ಶಿಖರವನ್ನು ನೋಡುತ್ತಾರೆ. ಮಗುವಿಗೆ ಮಂಪರು ಹತ್ತಬಹುದು, ರಕ್ತದೊತ್ತಡ ಇಳಿಯಬಹುದು. ಆದ್ದರಿಂದ ಇದು ನಿಗಾ ಇರುವ ಕಡೆ ಮಾತ್ರ ಆಗಬೇಕಾದ ಕೆಲಸ. ಆರೋಗ್ಯವಂತ ಮಕ್ಕಳೂ ಒಮ್ಮೊಮ್ಮೆ ಇದರಲ್ಲಿ ‘ಅನುತ್ತೀರ್ಣ’ರಾಗುವುದರಿಂದ ಸಾಮಾನ್ಯವಾಗಿ ಎರಡು ಬಗೆಯ ಉದ್ದೀಪನ ಮಾಡಿ ನೋಡುವ ಪದ್ಧತಿಯಿದೆ. ಮಿಲಿಲೀಟರಿಗೆ 10 ನ್ಯಾನೊಗ್ರಾಂ ಎಂಬ ಗೆರೆ ಬಹುಕಾಲ ಚಾಲ್ತಿಯಲ್ಲಿತ್ತು. ಈಗ ಅನೇಕರು 7 ಎನ್ನುತ್ತಾರೆ. ಗೆರೆ ಎಳೆದವರು ಮನುಷ್ಯರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾರ್ಮೋನು ಅತಿಯಾದಾಗಲೂ ತರ್ಕ ಇದೇ, ದಿಕ್ಕು ಮಾತ್ರ ತಿರುಗುಮುರುಗು. ವಯಸ್ಕರ ಉಂಗುರ, ಚಪ್ಪಲಿ ಬಿಗಿಯಾಗುತ್ತ ಬಂದು ಮುಖದ ಚಹರೆ ಬದಲಾಗುವ ಆ ಕಾಯಿಲೆಗೆ 1886ರಲ್ಲಿ ಪಿಯರ್ ಮರಿ ಎಂಬ ಫ್ರೆಂಚ್ ವೈದ್ಯರು ಅಕ್ರೊಮೆಗಲಿ ಎಂದು ಹೆಸರಿಟ್ಟರು. ಅಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಹಾರ್ಮೋನು ತಗ್ಗುತ್ತದೆಯೇ ಎಂದು ನೋಡುತ್ತಾರೆ.

ಇಷ್ಟೆಲ್ಲಕ್ಕೂ ಮೊದಲು ಬೇಕಾದ ಒಂದು ಸಾಕ್ಷ್ಯವಿದೆ. ಅದಕ್ಕೆ ಸೂಜಿ ಬೇಡ, ಹಣವೂ ಬೇಡ. ಅದರ ಪಾಠ ಈ ಊರಿನಲ್ಲೇ ಸಿಗುತ್ತದೆ. 1922ರಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸ್ ಪ್ರಕಟಿಸಿದ ಅಧ್ಯಯನವೊಂದು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಗಂಡಸರ ಎತ್ತರವನ್ನು ಕುರಿತದ್ದು. ಮುಂದೆ ಎಸ್. ಆರ್. ದಾಸ್ ಎಂಬ ಮಾನವಶಾಸ್ತ್ರಜ್ಞರು ನಗರದ ನೈರುತ್ಯ ಅಂಚಿನ ಸರ್ಸುನಾ–ಬಡಿಶಾ ಪ್ರದೇಶದ ಮಕ್ಕಳನ್ನು 1952ರಿಂದ 1966ರವರೆಗೆ ಅಳೆದರು. ಅದೇ ಮಕ್ಕಳನ್ನು, ಮತ್ತೆ ಮತ್ತೆ. ಆ ಅಳತೆಗಳನ್ನು ಆಧರಿಸಿ, ಆರು ತಿಂಗಳ ಕೂಸಿನಿಂದ 20 ವರ್ಷದವರವರೆಗಿನ ಬೆಳವಣಿಗೆಯನ್ನು ಕುರಿತ ಪ್ರಬಂಧ 1980ರಲ್ಲಿ ಪ್ರಕಟವಾಯಿತು. ಬೆಳವಣಿಗೆಯ ಅಧ್ಯಯನದಲ್ಲಿ ದೊಡ್ಡ ಹೆಸರಾದ ಜೇಮ್ಸ್ ಟ್ಯಾನರ್ ಅದರ ಲೇಖಕರಲ್ಲೊಬ್ಬರು. ಹಲವರನ್ನು ಒಮ್ಮೆ ಅಳೆದರೆ ಎತ್ತರ ತಿಳಿಯುತ್ತದೆ. ಒಬ್ಬರನ್ನು ಹಲವು ಸಲ ಅಳೆದರೆ ಮಾತ್ರ ಬೆಳವಣಿಗೆ ತಿಳಿಯುತ್ತದೆ.

ವರ್ಗಾವಣೆಯ ಬದುಕಿನ ನಮ್ಮಂಥವರು ಸೋಲುವುದು ಇಲ್ಲಿಯೇ. ನಮ್ಮ ಸರ್ವೀಸ್ ಬುಕ್ಕಿನಲ್ಲಿ ಪ್ರತಿ ಬಡ್ತಿ, ಪ್ರತಿ ರಜೆ, ಪ್ರತಿ ಊರು ತಾರೀಖಿನ ಸಮೇತ ದಾಖಲಾಗಿದೆ. ಮಗುವಿನ ಎತ್ತರವೋ, ಧಾರವಾಡದ ಗೋಡೆಯಲ್ಲೊಂದು ಪೆನ್ಸಿಲ್ ಗೀಟು, ನಾಗಪುರದ ಕ್ವಾರ್ಟರ್ಸಿನಲ್ಲೊಂದು. ಎರಡೂ ಸುಣ್ಣದ ಕೆಳಗೆ ಹೋಗಿವೆ. ಹೊಸ ಊರಿನ ವೈದ್ಯರ ಮುಂದೆ ಮಗು ಇತಿಹಾಸವಿಲ್ಲದೆ ನಿಲ್ಲುತ್ತದೆ. ಆಗ ಅವರಿಗೆ ಉಳಿಯುವುದು ಇಂದಿನ ಎತ್ತರ, ಇಂದಿನ ರಕ್ತ.

ಇದರಿಂದ ಎರಡು ಬಗೆಯ ಅನ್ಯಾಯವಾಗುತ್ತದೆ. 1985ರವರೆಗೆ ಈ ಹಾರ್ಮೋನನ್ನು ಮೃತರ ಪಿಟ್ಯುಟರಿಯಿಂದ ತೆಗೆಯಬೇಕಿತ್ತು, ತೀರಾ ವಿರಳವಾಗಿತ್ತು. ಈಗ ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಾಗುತ್ತದೆ. ತಂದೆತಾಯಿಯಂತೆಯೇ ಕುಳ್ಳಗಿರುವ ಆರೋಗ್ಯವಂತ ಮಗುವೂ ವರ್ಷಗಟ್ಟಲೆ ದುಬಾರಿ ಚುಚ್ಚುಮದ್ದಿನ ಸಾಲಿನಲ್ಲಿ ನಿಲ್ಲುವ ಅಪಾಯವಿದೆ. ಇನ್ನೊಂದೆಡೆ, ನಿಜವಾಗಿ ಬೆಳವಣಿಗೆ ನಿಂತ ಮಗು ಕಣ್ಣಿಗೆ ಬೀಳದೆ, ಮೂಳೆಯ ತುದಿಗಳು ಬೆಸೆದುಕೊಂಡ ಮೇಲೆ ಯಾವ ಔಷಧವೂ ಎತ್ತರವನ್ನು ಕೊಡಲಾರದು. ಹೀಗೆ ಕಣ್ಣಿಗೆ ಬೀಳದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂದು ನನಗೆ ತೋರುತ್ತದೆ. ಹುಡುಗ ಕುಳ್ಳಗಿದ್ದರೆ ಆಸ್ಪತ್ರೆ. ಹುಡುಗಿಯಾದರೆ ‘ಇರಲಿ ಬಿಡಿ, ಗಂಡು ಹುಡುಕುವುದು ಸುಲಭ’ ಎಂಬ ನಗೆಮಾತು. ಟರ್ನರ್ ಸಿಂಡ್ರೋಮಿನಂಥ ವರ್ಣತಂತುವಿನ ದೋಷ ಎಷ್ಟೋ ಸಲ ಈ ನಗೆಮಾತಿನ ಹಿಂದೆ ಅಡಗಿ ಕೂರುತ್ತದೆ.

ಹಾಗಾದರೆ ಕಾಯುತ್ತ ಕೂರಬೇಕೆ? ಖಂಡಿತ ಬೇಡ. ನಾಲ್ಕು ವರ್ಷ ದಾಟಿದ ಮಗು ಪ್ರಾಯಕ್ಕೆ ಬರುವವರೆಗೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರಾದರೂ ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ ವೈದ್ಯರನ್ನು ಕಾಣಬೇಕು. ತಂದೆತಾಯಿಯ ಎತ್ತರಗಳನ್ನು ಕೂಡಿಸಿ, ಗಂಡುಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿದರೆ ಮಗು ಮುಟ್ಟಬಹುದಾದ ಎತ್ತರದ ಸ್ಥೂಲ ಅಂದಾಜು ಸಿಗುತ್ತದೆ. ಥೈರಾಯ್ಡ್ ಮತ್ತಿತರ ಸಾಮಾನ್ಯ ಪರೀಕ್ಷೆಗಳು, ಎಡಗೈಯ ಎಕ್ಸ್‌ರೇಯಿಂದ ತಿಳಿಯುವ ಮೂಳೆಯ ವಯಸ್ಸು, ಹೆಣ್ಣುಮಗುವಾದರೆ ವರ್ಣತಂತುಗಳ ಪರೀಕ್ಷೆ: ಇವಾದ ಮೇಲೆ ಹಾರ್ಮೋನಿನ ಸರದಿ. ಇಲ್ಲಿನ ಪಿ.ಜಿ. ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಯಲ್ಲೂ ಅಂತಃಸ್ರಾವ ವಿಭಾಗವಿದೆ. ಪ್ಯಾಕೇಜಿನಲ್ಲಿ ಸೇರಿಕೊಂಡಿದೆ ಎಂಬ ಕಾರಣಕ್ಕೆ ಯಾರೂ ಹಾರ್ಮೋನು ಅಳೆಸಬೇಕಾಗಿಲ್ಲ.

ಹೊರನಾಡಿನ ನಮ್ಮ ಸಂಘಗಳಿಗೆ ನನ್ನದೊಂದು ವಿನಂತಿ. ರಾಜ್ಯೋತ್ಸವದಂದು ಮಕ್ಕಳಿಗೆ ಪುಸ್ತಕ ಬಹುಮಾನ ಕೊಡುತ್ತೇವೆ. ಅದರೊಳಗೆ ಭಾರತೀಯ ಶಿಶುವೈದ್ಯರ ಅಕಾಡೆಮಿಯ ಬೆಳವಣಿಗೆ ನಕ್ಷೆಯ ಒಂದು ಹಾಳೆಯನ್ನೂ ಇಡೋಣ. ಆರು ತಿಂಗಳಿಗೊಮ್ಮೆ ಮಗುವನ್ನು ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ, ತಾರೀಖು ಹಾಕಿ ಅದರಲ್ಲೊಂದು ಚುಕ್ಕೆಯಿಡಲಿ. ಮುಂದಿನ ವರ್ಗಾವಣೆಯ ಹೊತ್ತಿಗೆ ಆ ಹಾಳೆ ಸಾಮಾನಿನ ಲಾರಿಗೆ ಹೋಗದೆ ಕೈಚೀಲದಲ್ಲೇ ಇರಲಿ.